ಒಂಬತ್ತೂವರೆ ಆದಮೇಲೆ ಸೈಕಲ್ ಎಲ್ಲಿ ಹೋಗುತ್ತೆ?

ಜೂನ್ 3ರ ವಿಶ್ವ ಬೈಸಿಕಲ್ ದಿನ ಬಂತೆಂದರೆ ಜಾಥಾ, ಬಿಳಿ ಟೀ ಶರ್ಟು, ಹಸಿರು ಬಾವುಟ, ಫೋಟೊ. ನಾಲ್ಕನೇ ತಾರೀಕು ಅದೇ ಹಾರನ್ನು, ಅದೇ ಹೊಗೆ. ಮೈಸೂರಿಗೆ ಸರ್ಕಾರವೇ ಸೈಕಲ್ ತಂದುಕೊಟ್ಟಿತು, ಪೇಟೆಯೊಳಗೆ ಅದನ್ನು ಓಡಿಸುವ ದಾರಿ ಮಾತ್ರ ಇನ್ನೂ ಬರಬೇಕು. ಆ ದಾರಿಯ ರಿಹರ್ಸಲ್ ಪ್ರತಿ ವರ್ಷ ನಮ್ಮ ಕಣ್ಣೆದುರೇ ನಡೆಯುತ್ತಿದೆ!

ಬೆಳಗಿನ ಐದೂಮುಕ್ಕಾಲು. ಮೈಸೂರಿನ ಚಿಕ್ಕ ಗಡಿಯಾರದ ಬುಡದಲ್ಲಿ ಹಳೇ ಸೈಕಲ್ಲೊಂದು ಸ್ಟ್ಯಾಂಡ್ ಹಾಕಿ ನಿಂತಿದೆ. ಕ್ಯಾರಿಯರ್ ಮೇಲೆ ಸೊಂಟದೆತ್ತರ ಬಾಳೆಲೆ ಕಟ್ಟು, ಅದಕ್ಕೆ ಹೊದಿಸಿದ ಒದ್ದೆ ಗೋಣಿಚೀಲ. ಹ್ಯಾಂಡಲ್ಲಿನ ಎರಡೂ ಕಡೆ ಸೇವಂತಿಗೆ ತುಂಬಿದ ಚೀಲ. ಹರಿದ ಟ್ಯೂಬನ್ನು ಪಟ್ಟಿಯಂತೆ ಕತ್ತರಿಸಿ ಎಲ್ಲವನ್ನೂ ಬಿಗಿದಿದೆ.

ಸೈಕಲ್ಲಿನ ಯಜಮಾನರಿಗೆ ಅರವತ್ತು ದಾಟಿರಬೇಕು. ಟೀ ಲೋಟ ಇಟ್ಟರು, ಪಂಚೆ ಎತ್ತಿ ಕಟ್ಟಿದರು, ಸ್ಟ್ಯಾಂಡ್ ತೆಗೆದರು. ಹಿಂದೆ ಹೊರೆ ಇರುವಾಗ ಕಾಲನ್ನು ಹಿಂದಿನಿಂದ ಬೀಸುವ ಹಾಗಿಲ್ಲ. ಎಡಗಾಲು ಪೆಡಲ್ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ನಾಲ್ಕು ಸಲ ಒದ್ದು, ಬಾರಿನ ಮೇಲಿಂದಲೇ ಕಾಲು ದಾಟಿಸಿ ಸೀಟಿಗೆ ಬಂದರು. ಸರ್ಕಸ್ಸಿನವರಿಗೆ ಚಪ್ಪಾಳೆ ಸಿಗುತ್ತದೆ, ಇವರಿಗೆ ಒಂದು ನಾಯಿ ಬಾಲ ಅಲ್ಲಾಡಿಸಿತು.

ಸೈಕಲ್ಲು ಕೆ.ಆರ್. ಸರ್ಕಲ್ ಕಡೆಗೆ ಹೊರಟಿತು. ರಸ್ತೆಯ ಅಂಚಿನಲ್ಲಲ್ಲ, ಸಾಕ್ಷಾತ್ ನಡುಮಧ್ಯದಲ್ಲಿ. ನಾಲ್ವಡಿಯವರ ಪ್ರತಿಮೆಗೆ ಅರ್ಧ ಸುತ್ತು ಹಾಕಿ, ಒಂದು ಸಲವೂ ಹಿಂದೆ ತಿರುಗಿ ನೋಡದೆ, ಮೆರವಣಿಗೆಯವರ ಹಾಗೆ ಹೋಯಿತು.

ಅದೇ ಯಜಮಾನರನ್ನು ಅದೇ ಜಾಗದಲ್ಲಿ ಒಂಬತ್ತೂವರೆಗೆ ನೋಡಬೇಕು. ಸೈಕಲ್ ಇಳಿದಿರುತ್ತಾರೆ. ಫುಟ್‌ಪಾತ್ ಕಟ್ಟೆಗೂ ನಿಂತ ಆಟೊಗಳಿಗೂ ನಡುವಿನ ಒಂದೂವರೆ ಅಡಿ ಸಂದಿಯಲ್ಲಿ ತಳ್ಳಿಕೊಂಡು ಬರುತ್ತಿರುತ್ತಾರೆ. ಮೂರೂಮುಕ್ಕಾಲು ಗಂಟೆಯಲ್ಲಿ ಅವರಿಗೆ ವಯಸ್ಸಾಗಿಲ್ಲ, ಸೈಕಲ್ಲೂ ಕೆಟ್ಟಿಲ್ಲ. ಊರು ಬದಲಾಗಿದೆ, ಅಷ್ಟೆ.

ಯಾರನ್ನು ಎಣಿಸುತ್ತೇವೆ?

ಸೈಕಲ್ ಸಭೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಈಗ ಸೈಕಲ್ ಯಾರು ಸಾರ್ ಹೊಡೀತಾರೆ? ಹೇಳುವವರು ಸಾಮಾನ್ಯವಾಗಿ ಕಾರಿನಲ್ಲಿ ಬಂದಿರುತ್ತಾರೆ. ಅವರ ಕಣ್ಣಿಗೆ ಸೈಕಲ್ ಸವಾರ ಎಂದರೆ ಹೆಲ್ಮೆಟ್ಟು, ಮೈಗೆ ಅಂಟಿದ ಬಣ್ಣದ ಬನಿಯನ್ನು, ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುವ ಗುಂಪು. ಬಾಳೆಲೆಯವರು, ಪೇಪರ್ ಹಾಕುವ ಹುಡುಗರು, ಗಾರೆ ಕೆಲಸಕ್ಕೆ ತೂಕದ ಗುಂಡು ಕಟ್ಟಿಕೊಂಡು ಹೋಗುವವರು ಆ ಲೆಕ್ಕಕ್ಕೆ ಬರುವುದಿಲ್ಲ.

2011ರ ಜನಗಣತಿ ಕೃಷಿಯೇತರ ಕೆಲಸಗಾರರನ್ನು ಕೇಳಿತು, ನೀವು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು. ದೇಶದಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್ ಎಂದರು. ತಲೆ ಎಣಿಸಿದರೆ ಎರಡೂವರೆ ಕೋಟಿಗೂ ಹೆಚ್ಚು. ಕಾರಿನವರು ಇದರ ಹತ್ತಿರಕ್ಕೂ ಬರಲಿಲ್ಲ.

ಹಾಗಾಗಿ ಪೇಟೆಗೆ ಸೈಕಲ್ಲನ್ನು ಹೊಸದಾಗಿ ಕರೆತರುವ ಪ್ರಶ್ನೆ ಇಲ್ಲ. ಬೆಳಿಗ್ಗೆ ಐದೂಮುಕ್ಕಾಲಿಗೆ ಇದ್ದದ್ದನ್ನು ಒಂಬತ್ತೂವರೆಗೆ ಹೊರಗಟ್ಟದಿದ್ದರೆ ಸಾಕು. ನಾಲ್ಕಾಣೆ ಬಾಡಿಗೆ ಸೈಕಲ್ಲು, ಡೈನಮೊ ಲೈಟು, ಡಬಲ್ಸ್ ಹಿಡಿಯುವ ಪೊಲೀಸು ಇತ್ಯಾದಿ ಹಳಹಳಿಕೆಯನ್ನು ಇಲ್ಲಿ ಬಿಟ್ಟುಬಿಡೋಣ. ಅದನ್ನು ಎಲ್ಲರೂ ಬರೆದಾಗಿದೆ.

■ ಎಂಟನೇ ಕ್ಲಾಸಿನ ಸೈಕಲ್ಲು
ಕರ್ನಾಟಕದ ಸರ್ಕಾರಿ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾದದ್ದು 2006–07ರಲ್ಲಿ. ಹೆಚ್ಚೂಕಮ್ಮಿ ಒಂದೂವರೆ ದಶಕ ನಡೆದು, ಕೋವಿಡ್ ಹೊತ್ತಿಗೆ ನಿಂತಿತು. ವಿಶ್ವಸಂಸ್ಥೆ ಜೂನ್ 3ನ್ನು ವಿಶ್ವ ಬೈಸಿಕಲ್ ದಿನ ಎಂದು ಘೋಷಿಸಿದ್ದು 2018ರಲ್ಲಿ. ಹಳ್ಳಿಯ ಹುಡುಗಿಯರು ಅಷ್ಟು ಹೊತ್ತಿಗೆ ಹನ್ನೆರಡು ವರ್ಷದಿಂದ ಸೈಕಲ್ ದಿನ ಆಚರಿಸುತ್ತಿದ್ದರು, ಶಾಲೆ ಇದ್ದ ದಿನವೆಲ್ಲ.

ಟ್ರಿಣ್ ಟ್ರಿಣ್ ಎಂದ ಮೇಲೆ

2017ರ ಜೂನ್ 4, ಭಾನುವಾರ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ಗೆ ಚಾಲನೆ ಕೊಟ್ಟರು. 450 ಸೈಕಲ್ಲು, 48 ನಿಲ್ದಾಣ. ಕಾರ್ಡ್ ತೋರಿಸಿದರೆ ಬೀಗ ಬಿಚ್ಚುತ್ತಿತ್ತು, ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದಿತ್ತು. ಹಣಕ್ಕೆ ಜಾಗತಿಕ ಪರಿಸರ ನಿಧಿಯ ನೆರವೂ ಇತ್ತು. ಸಾರ್ವಜನಿಕ ಬೈಸಿಕಲ್ ಹಂಚಿಕೆಯಲ್ಲಿ ದೇಶಕ್ಕೇ ಮೊದಲು ಎಂಬ ಹೆಗ್ಗಳಿಕೆ ಊರಿಗೆ ಸಿಕ್ಕಿತು.

ಮೈಸೂರು ಸುಮ್ಮನೆ ಆಯ್ಕೆಯಾಗಿರಲಿಲ್ಲ. ಅಗಲ ರಸ್ತೆ, ಮರದ ನೆರಳು, ವಿದ್ಯಾರ್ಥಿಗಳು, ಪ್ರವಾಸಿಗರು ಎಲ್ಲ ಉಂಟು. ರೈಲ್ವೆ ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆ, ಅರಮನೆ ಎಲ್ಲವೂ ಒಂದೆರಡು ಕಿಲೋಮೀಟರಿನೊಳಗೆ. ತುಳಿಯಲು ಹೇಳಿ ಮಾಡಿಸಿದ ಊರು.

ಯೋಜನೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಾನೂ ಕಾರ್ಡ್ ಮಾಡಿಸಿದವನೇ. ಮೊದಲ ವಾರ ಸೈಕಲ್ ತೆಗೆದುಕೊಂಡು ದೇವರಾಜ ಅರಸು ರಸ್ತೆಗೆ ಇಳಿದಾಗಲೇ ಗೊತ್ತಾಯಿತು, ನನ್ನ ಕೈಗೆ ಸೈಕಲ್ ಕೊಟ್ಟವರು ರಸ್ತೆಯ ಬಗ್ಗೆ ಯಾರೊಂದಿಗೂ ಮಾತಾಡಿಲ್ಲ ಎಂದು. ಎಡಕ್ಕೆ ಸಾಲಾಗಿ ನಿಂತ ವಾಹನ, ಬಲಕ್ಕೆ ಓಡುವ ವಾಹನ, ನಡುವೆ ನಾನು. ಪಲ್ಲಕ್ಕಿ ಕೊಟ್ಟು ಕಾಲುಸಂಕದ ಮೇಲೆ ಹೊರಿ ಎಂದ ಹಾಗೆ.

ನಾನೊಮ್ಮೆ ಬಿದ್ದದ್ದೂ ಉಂಟು; ಆ ರಸ್ತೆಯಲ್ಲಲ್ಲ, ಬೇರೆ ಕಡೆ, ಬೇರೆ ದಿನ. ನನ್ನದೇ ಸೈಕಲ್ಲು. ನಿಂತ ಕಾರೊಂದರ ಬಲ ಬಾಗಿಲು ರೆಕ್ಕೆ ಬಿಚ್ಚಿದಂತೆ ತೆರೆಯಿತು. ಬ್ರೇಕ್ ಹಿಡಿಯಬೇಕು ಎಂದು ತಲೆಗೆ ಹೊಳೆಯುವ ಮೊದಲೇ ಬಾಗಿಲಿನ ಅಂಚು ಮೊಣಕೈಗೆ ಬಡಿದಿತ್ತು. ಕ್ಯಾರಿಯರಿನಲ್ಲಿದ್ದ ಒಂದು ಡಜನ್ ಬಾಳೆಹಣ್ಣು ಡಾಂಬರಿಗೆ ರಸಾಯನವಾಯಿತು. ಹಿಂದೆ ಬರುತ್ತಿದ್ದ ಸ್ಕೂಟರಿನಾಕೆ ಒಂದು ಗೇಣು ಬಿಟ್ಟು ನಿಲ್ಲಿಸಿದ್ದರಿಂದ ಈ ಲೇಖನ ನೀವು ಓದುತ್ತಿದ್ದೀರಿ. ಕಾರಿನವರು ಇಳಿದು ಮೊದಲು ನೋಡಿದ್ದು ಬಾಗಿಲಿನ ಗೀರನ್ನು. ಆಮೇಲೆ ನನ್ನನ್ನು. ಆಮೇಲೆ ಕೇಳಿದರು: ಈ ಟ್ರಾಫಿಕ್ಕಲ್ಲಿ ಸೈಕಲ್ ಯಾಕೆ?

ಅಂದಿನಿಂದ ನಿಂತ ಕಾರಿಗೆ ಒಂದು ಮಾರು ದೂರದಲ್ಲಿ ಹೋಗುವುದು ಕಲಿತಿದ್ದೇನೆ. ಹಾಗೆ ಹೋದರೆ ಹಿಂದಿನಿಂದ ಹಾರನ್ನು.

ಬಣ್ಣ ಬಳಿದರೆ ಲೇನ್ ಆಗದು

ಸೈಕಲ್ ಲೇನ್ ಎಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಬಣ್ಣದ ಡಬ್ಬ. ಬೆಂಗಳೂರಿನ ಜಯನಗರದಲ್ಲಿ ದಶಕದ ಹಿಂದೆ ಸೈಕಲ್ ಪಥ ಮಾಡಿದರು. ಕೆಲವೇ ದಿನದಲ್ಲಿ ಅದು ಅಚ್ಚುಕಟ್ಟಾದ ಕಾರ್ ಪಾರ್ಕಿಂಗ್ ಆಯಿತು. ಗೆರೆ ಹಾಕಿಕೊಟ್ಟಿದ್ದರಿಂದ ನಿಲ್ಲಿಸುವವರಿಗೆ ಅನುಕೂಲವೇ ಆಯಿತು ಎನ್ನಿ.

ಬಣ್ಣಕ್ಕೆ ಯಾರೂ ಹೆದರುವುದಿಲ್ಲ. ಕಲ್ಲಿನ ಅಂಚಿಗೆ ಹೆದರುತ್ತಾರೆ, ಗಿಡದ ಕುಂಡಕ್ಕೆ ಹೆದರುತ್ತಾರೆ, ಪೇಂಟು ಕೆರೆಯುವ ಕಂಬಕ್ಕೆ ಹೆದರುತ್ತಾರೆ.

ಮೈಸೂರಿನ ಮಟ್ಟಿಗೆ ಇನ್ನೊಂದು ತೊಡಕಿದೆ. ಇದು ಸರ್ಕಲ್‌ಗಳ ಊರು. ಕೆ.ಆರ್. ಸರ್ಕಲ್, ಚಾಮರಾಜ ಸರ್ಕಲ್, ಹಾರ್ಡಿಂಜ್ ಸರ್ಕಲ್. ಕ್ಯಾಲೆಂಡರಿಗೆ ಚೆಂದ, ಸೈಕಲ್ಲಿಗೆ ಕಷ್ಟ. ನೀವು ಎಡಬದಿಯಲ್ಲಿ ನಿಯತ್ತಾಗಿ ಹೋಗುತ್ತಾ ಸರ್ಕಲ್ ದಾಟಿ ನೇರ ಹೋಗಬೇಕು ಎನ್ನಿ. ಮೊದಲ ಎಡರಸ್ತೆಗೆ ತಿರುಗುವ ಬಸ್ಸು ನಿಮ್ಮನ್ನು ಅಡ್ಡ ಕೊಯ್ದುಕೊಂಡು ಹೋಗುತ್ತದೆ. ಡ್ರೈವರಿಗೆ ನೀವು ಕಾಣುವುದಿಲ್ಲ, ಅವನ ಕಣ್ಣು ಬಲಗಡೆಯಿಂದ ಬರುವವರ ಮೇಲಿರುತ್ತದೆ. ಬಲಕ್ಕೆ ಸರಿದು ಹೋಗೋಣ ಎಂದರೆ ಅಲ್ಲಿ ವೇಗದವರು.

ಡಚ್ಚರು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಸರ್ಕಲ್ಲಿನ ಸುತ್ತ, ವಾಹನದ ಬಳೆಯಿಂದ ಒಂದು ಕಾರಿನುದ್ದ ಹೊರಗೆ, ಸೈಕಲ್ಲಿಗೇ ಇನ್ನೊಂದು ಬಳೆ. ಸರ್ಕಲ್ಲಿನಿಂದ ಹೊರಬೀಳುವ ಕಾರು ಪೂರ್ತಿ ತಿರುಗಿ ನೆಟ್ಟಗಾದ ಮೇಲೆ ಸೈಕಲ್ ಅದಕ್ಕೆ ಎದುರಾಗುತ್ತದೆ, ಕನ್ನಡಿಯಲ್ಲಲ್ಲ, ಮುಂದಿನ ಗಾಜಿನಲ್ಲಿ. ನಿಲ್ಲಿಸಲು ಜಾಗವೂ ಇದೆ. ಇದಕ್ಕೆ ಯಾವ ಆ್ಯಪೂ ಬೇಡ.

■ ಮೂವತ್ತೋ ಐವತ್ತೋ?
ಎದುರಿಗೆ ಮಗು ಅಡ್ಡ ಬಂತು. ಚಾಲಕ ಬ್ರೇಕಿಗೆ ಕಾಲಿಡಲು ಒಂದು ಸೆಕೆಂಡ್ ಬೇಕು. ಗಂಟೆಗೆ 30 ಕಿ.ಮೀ. ವೇಗದ ಕಾರು ಆ ಸೆಕೆಂಡಿನಲ್ಲಿ 8 ಮೀಟರ್ ಓಡಿ, ಒಣ ರಸ್ತೆಯಲ್ಲಿ ಇನ್ನೊಂದು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13. ಗಂಟೆಗೆ 50ರ ಕಾರು ಆ ಸೆಕೆಂಡಿನಲ್ಲೇ 14 ಮೀಟರ್ ಓಡಿರುತ್ತದೆ. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದಕ್ಕೆ ಇನ್ನೂ ಬ್ರೇಕೇ ಬಿದ್ದಿರುವುದಿಲ್ಲ. ಕಾಲ್ನಡಿಗೆಯವರು, ಸೈಕಲ್, ವಾಹನ ಕಲೆಯುವ ಕಡೆ 30ರ ಮಿತಿ ಇರಲಿ ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದಕ್ಕೇ.

ಒಂದೇ ರಾತ್ರಿಯಲ್ಲಿ ತಿರುಗಿದ ಬೋರ್ಡು

ನೆದರ್ಲೆಂಡ್ಸ್ ಹುಟ್ಟಿದಾಗಿನಿಂದಲೇ ಸೈಕಲ್ ದೇಶ, ಅವರಿಗೆ ಅದು ರಕ್ತದಲ್ಲೇ ಇದೆ ಎನ್ನುವವರಿಗೆ 1971ರ ಲೆಕ್ಕ ತೋರಿಸಬೇಕು. ಆ ಒಂದು ವರ್ಷ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅದರಲ್ಲಿ ಮಕ್ಕಳೇ ನಾನ್ನೂರು ದಾಟಿದ್ದರು. ಕಾರು ಬಂದು ಸೈಕಲ್ಲನ್ನು ಮೂಲೆಗೆ ತಳ್ಳಿದ್ದ ಕಾಲ ಅದು. ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ ಬರೆದ ಲೇಖನದ ತಲೆಬರಹ, ಮಕ್ಕಳ ಕೊಲೆ ನಿಲ್ಲಿಸಿ ಎಂಬುದು, ಚಳವಳಿಯೊಂದರ ಹೆಸರೇ ಆಯಿತು. ತಾಯಂದಿರು, ಮಕ್ಕಳು ನಡುರಸ್ತೆಯಲ್ಲಿ ಕೂತರು. 1973ರಲ್ಲಿ ಪೆಟ್ರೋಲಿಗೆ ಬರ ಬಂತು, ಸರ್ಕಾರವೇ ಭಾನುವಾರ ಕಾರು ನಿಲ್ಲಿಸಿತು. ಖಾಲಿ ಹೆದ್ದಾರಿಯಲ್ಲಿ ಮಕ್ಕಳು ಸ್ಕೇಟಿಂಗ್ ಆಡಿದರು.

ಆ ದೇಶದ ಉತ್ತರಕ್ಕೆ ಖ್ರೋನಿಂಗೆನ್ ಎಂಬ ವಿಶ್ವವಿದ್ಯಾಲಯದ ಊರಿದೆ. ಅಲ್ಲಿನ ನಡುಪೇಟೆಯ ಚೌಕವೂ ಕಾರುಗಳಿಂದ ಗಿಜಿಗುಡುತ್ತಿತ್ತು. ಊರಿನ ಈ ತುದಿಯಿಂದ ಆ ತುದಿಗೆ ಹೋಗುವವರೆಲ್ಲ ಪೇಟೆ ಸೀಳಿಕೊಂಡೇ ಹೋಗುತ್ತಿದ್ದರು. ಪೇಟೆಯಲ್ಲಿ ಅವರಿಗೆ ಕೆಲಸವಿರಲಿಲ್ಲ, ದಾರಿ ಹತ್ತಿರ ಎಂದು ಬರುತ್ತಿದ್ದರು.

ನಗರಾಡಳಿತದಲ್ಲಿದ್ದ ಮಾಕ್ಸ್ ವಾನ್ ಡೆನ್ ಬೆರ್ಖ್ ಎಂಬ ಯುವ ರಾಜಕಾರಣಿ ಮತ್ತು ಸಂಗಡಿಗರು ನಡುಪೇಟೆಯನ್ನು ನಕ್ಷೆಯ ಮೇಲೆ ಹೋಳಿಗೆಯಂತೆ ನಾಲ್ಕು ತುಂಡು ಮಾಡಿದರು. ಕಾರಿನಲ್ಲಿ ಯಾವ ತುಂಡಿಗೆ ಬೇಕಾದರೂ ಬನ್ನಿ. ಒಂದು ತುಂಡಿನಿಂದ ಪಕ್ಕದ ತುಂಡಿಗೆ ಹೋಗಬೇಕಾದರೆ ಮಾತ್ರ ಹೊರಗಿನ ರಸ್ತೆಗೆ ವಾಪಸಾಗಿ, ಸುತ್ತು ಹಾಕಿ ಬನ್ನಿ. ಸೈಕಲ್, ಬಸ್ಸು, ಕಾಲ್ನಡಿಗೆಯವರು ನೇರ ದಾಟಬಹುದು.

ಅಂಗಡಿಯವರು ಹೌಹಾರಿದರು. ವ್ಯಾಪಾರ ಮುಳುಗಿತು ಎಂದರು. ವರ್ಷಗಟ್ಟಲೆ ಜಗಳವಾಯಿತು. ಕೊನೆಗೆ 1977ರ ಸೆಪ್ಟೆಂಬರ್ 19ರ ಸೋಮವಾರ ಬೆಳಗಾಗುವಷ್ಟರಲ್ಲಿ ಊರಿನ ಸಂಚಾರ ಫಲಕಗಳೆಲ್ಲ ಬದಲಾಗಿದ್ದವು. ದೊಡ್ಡ ಕಾಮಗಾರಿಯೇನೂ ಇಲ್ಲ, ಮೇಲ್ಸೇತುವೆ ಇಲ್ಲ, ಉದ್ಘಾಟನೆಯ ಕಲ್ಲೂ ಇಲ್ಲ. ಬಾಣದ ಗುರುತು ಅತ್ತ ತಿರುಗಿದ್ದನ್ನು ಇತ್ತ ತಿರುಗಿಸಿದ್ದು.

ಇವತ್ತು ಆ ಊರಿನೊಳಗಿನ ಓಡಾಟದಲ್ಲಿ ಸುಮಾರು ಅರವತ್ತು ಪಾಲು ಸೈಕಲ್ಲಿನದು. ಅಂಗಡಿಗಳೂ ಇವೆ. ಅಷ್ಟು ವಿರೋಧ ಕಟ್ಟಿಕೊಂಡ ವಾನ್ ಡೆನ್ ಬೆರ್ಖ್ ಎರಡೇ ವರ್ಷದಲ್ಲಿ ಲೇಬರ್ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾದರು. ನಮ್ಮ ಕಾರ್ಪೊರೇಟರುಗಳು ಈ ವಾಕ್ಯವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ನಲವತ್ತು ವರ್ಷದ ನಂತರ ಬೆಲ್ಜಿಯಂನ ಖೆಂಟ್ ನಗರ ಇದನ್ನೇ ಮಾಡಿತು. 2017ರ ಏಪ್ರಿಲ್ 3ರಂದು, ನಮ್ಮ ಟ್ರಿಣ್ ಟ್ರಿಣ್‌ಗೆ ಎರಡು ತಿಂಗಳು ಮೊದಲು. ಸಂಚಾರದ ಹೊಣೆ ಹೊತ್ತಿದ್ದ ಫಿಲಿಪ್ ವಾಟೆವ್ ಅವರಿಗೆ ಕೊಲೆ ಬೆದರಿಕೆಗಳೇ ಬಂದವು. ಅಲ್ಲಿ 2012ರಲ್ಲಿ ನೂರಕ್ಕೆ 22ರಷ್ಟಿದ್ದ ಸೈಕಲ್ ಓಡಾಟ 2019ಕ್ಕೆ 35ಕ್ಕೆ ಏರಿತು. 2017ರಲ್ಲಿ ಎರಡು ಊರು ಸೈಕಲ್ ಬಗ್ಗೆ ಯೋಚಿಸಿದವು. ಒಂದು ಸೈಕಲ್ ಕೊಂಡಿತು, ಇನ್ನೊಂದು ಕಾರಿನ ದಾರಿ ತಿರುಗಿಸಿತು.

ದಸರೆಯ ಗುಟ್ಟು

ನಮ್ಮಲ್ಲಿ ಇದೆಲ್ಲ ಆಗೋದಲ್ಲ ಬಿಡಿ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ದಸರೆಯ ಸಂಜೆ ಅರಮನೆ ಕಡೆಗೆ ಕಾರು ತಂದಿದ್ದೀರಾ?

ದೀಪಾಲಂಕಾರದ ಸಂಜೆಗಳಲ್ಲಿ ಪೊಲೀಸರು ಅರಮನೆಯ ಸುತ್ತಣ ರಸ್ತೆಗಳನ್ನು ಏಕಮುಖ ಮಾಡುತ್ತಾರೆ. ಎಡಕ್ಕೆ ಐವತ್ತು ಮಾರು ದೂರದ ಜಾಗಕ್ಕೆ ಇಡೀ ಸುತ್ತು ಬಳಸಿ ಬರಬೇಕು. ಜಂಬೂಸವಾರಿ ದಿನವಂತೂ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರಿಗೆ ವಾಹನ ಕಾಲಿಡುವಂತಿಲ್ಲ. ಅರಸು ರಸ್ತೆಯಲ್ಲಿ ಓಪನ್ ಸ್ಟ್ರೀಟ್ ಫೆಸ್ಟಿವಲ್ ಮಾಡಿದಾಗ ಅಲ್ಲಿ ಜನ ಎಷ್ಟು ಕಿಕ್ಕಿರಿದರೆಂದರೆ ವಾಹನವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ವಾದಕ್ಕೆ ಉಸಿರಾಡಲೂ ಜಾಗವಿರಲಿಲ್ಲ.

ಎಂದರೆ, ಖ್ರೋನಿಂಗೆನ್ ಒಂದು ರಾತ್ರಿ ಮಾಡಿದ್ದನ್ನು ನಮ್ಮ ಪೊಲೀಸರು ಪ್ರತಿ ವರ್ಷ ಮಾಡುತ್ತಾರೆ. ಬ್ಯಾರಿಕೇಡು ನಮ್ಮದೇ, ಸೀಟಿ ನಮ್ಮದೇ, ಗೊಣಗುತ್ತಾ ಸುತ್ತು ಹಾಕುವವರೂ ನಾವೇ. ಹತ್ತು ದಿನ ಸಾಧ್ಯವಾದದ್ದು ಹನ್ನೊಂದನೇ ದಿನ ಅಸಾಧ್ಯವಾಗುವುದು ಹೇಗೆ ಎಂದು ನನಗೆ ಹೊಳೆದಿಲ್ಲ.

ವರ್ಷಪೂರ್ತಿ ಇಡೀ ಊರು ಮುಚ್ಚಿ ಎಂದು ಯಾರೂ ಕೇಳುತ್ತಿಲ್ಲ. ಕೆ.ಆರ್. ಸರ್ಕಲ್‌ನಿಂದ ಆಯುರ್ವೇದ ಆಸ್ಪತ್ರೆ ಸರ್ಕಲ್‌ವರೆಗಿನ ಸಯ್ಯಾಜಿರಾವ್ ರಸ್ತೆಯನ್ನು ನೋಡಿ. ಕಿಲೋಮೀಟರ್ ಆಸುಪಾಸಿನ ತುಂಡು. ಅದರ ಮೇಲೆ ಹೋಗುವ ಕಾರುಗಳಲ್ಲಿ ಮಾರುಕಟ್ಟೆಗೆ ಬಂದವು ಎಷ್ಟು, ಸುಮ್ಮನೆ ಹಾದುಹೋಗುವವು ಎಷ್ಟು? ಒಂದು ಬೆಳಿಗ್ಗೆ ಕಾಲೇಜು ಹುಡುಗರನ್ನು ಕೂರಿಸಿ ಎಣಿಸಿದರೆ ಗೊತ್ತಾಗುತ್ತದೆ. ಹಾದುಹೋಗುವವರನ್ನು ಸುತ್ತಿನ ರಸ್ತೆಗೆ ಕಳಿಸಿ, ಬಸ್ಸು, ಸೈಕಲ್, ಟಾಂಗಾಕ್ಕೆ ಆ ತುಂಡು ಬಿಟ್ಟುಕೊಡಿ. ಸರಕಿನ ಗಾಡಿ ಬೆಳಗಿನ ಜಾವ ಬರಲಿ, ಈಗಲೂ ಬಹುಪಾಲು ಆಗಲೇ ಬರುತ್ತವೆ.

ವ್ಯಾಪಾರಿಗಳ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಬಾಡಿಗೆ ಕಟ್ಟುವವರು ಅವರು. ಆದರೆ ಅಂಗಡಿ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತ ಕಾರು ಎಷ್ಟೋ ಸಲ ಪಕ್ಕದ ಅಂಗಡಿಯ ಮಾಲೀಕರದ್ದೇ ಆಗಿರುತ್ತದೆ ಎಂಬುದು ಪೇಟೆಗೆಲ್ಲ ಗೊತ್ತಿರುವ ಗುಟ್ಟು. ಒಂದು ಕಾರಿನ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ಎಂಟು ಹತ್ತು ಗಿರಾಕಿ.

ಬಿಸಿಲು, ಮಳೆ? ಖ್ರೋನಿಂಗೆನ್ನಿನಲ್ಲಿ ವರ್ಷವಿಡೀ ಜಿಟಿಜಿಟಿ, ಮುಖಕ್ಕೆ ಹೊಡೆಯುವ ಗಾಳಿ. ಮೈಸೂರಿನ ಹವೆಗೆ ಹೋಲಿಸಿದರೆ ನಮಗೆ ದೂರುವ ಹಕ್ಕೇ ಇಲ್ಲ. ಮರ ಕಡಿಯದಿದ್ದರೆ.

■ ದೊಡ್ಡ ದುಡ್ಡು ಬೇಡದ ನಾಲ್ಕು ಕೆಲಸ
ಚರಂಡಿ ಜಾಲರಿಯ ಸರಳು ರಸ್ತೆಯುದ್ದಕ್ಕೆ ಇದ್ದರೆ ಸೈಕಲ್ ಚಕ್ರ ನೇರ ಒಳಗೆ. ಅಡ್ಡ ತಿರುಗಿಸಿ ಕೂರಿಸಿದರೆ ಆಯಿತು. ರಸ್ತೆಗೆ ಹೊಸ ಡಾಂಬರು ಹಾಕುವಾಗ ಅಂಚಿನಲ್ಲಿ ಎರಡಿಂಚು ಮೆಟ್ಟಿಲು ಬಿಡದಿರಲಿ, ಸೈಕಲ್ ಹೋಗುವುದು ಆ ಅಂಚಿನಲ್ಲೇ. ಅಂಗಡಿ ಬೀದಿಯಲ್ಲಿ ಬೀಗ ಹಾಕಲು ಬಾಗಿಸಿದ ಕಬ್ಬಿಣದ ಪೈಪು ನೆಡಲಿ. ಸೈಕಲ್ ಕಂಡರೆ ಸೀಟಿ ಊದುವ ವಾಚ್‌ಮನ್‌ಗಳಿಗೆ ಒಂದು ಮಾತು ಹೇಳಲಿ.

ಆ ರಾತ್ರಿ

ಕಳೆದ ದಸರೆಯ ಜಂಬೂಸವಾರಿ ಮುಗಿದ ರಾತ್ರಿ ನಾನು ಬನ್ನಿಮಂಟಪದಿಂದ ನಡೆದು ವಾಪಸು ಬರುತ್ತಿದ್ದೆ. ಪಂಜಿನ ಕವಾಯತು ಮುಗಿದು ಜನ ಕರಗಿದ್ದರು. ರಸ್ತೆ ತುಂಬ ಕಾಗದದ ಚೂರು, ಒಡೆದ ಬಲೂನು, ಜೋಳದ ದಿಂಡು. ಬ್ಯಾರಿಕೇಡ್ ಇನ್ನೂ ತೆಗೆದಿರಲಿಲ್ಲ. ದೀಪದ ತೋರಣದಡಿ ಸಯ್ಯಾಜಿರಾವ್ ರಸ್ತೆ ಉದ್ದಕ್ಕೆ ಖಾಲಿ ಬಿದ್ದಿತ್ತು.

ಕೆ.ಆರ್. ಸರ್ಕಲ್ಲಿನಲ್ಲಿ ಇಬ್ಬರು ಹುಡುಗಿಯರು, ಒಂದೇ ಸೈಕಲ್ಲು. ದೊಡ್ಡವಳಿಗೆ ಹನ್ನೆರಡಿರಬಹುದು, ಸೀಟು ಎತ್ತರವಾಗಿ ನಿಂತುಕೊಂಡೇ ತುಳಿಯುತ್ತಿದ್ದಳು. ಹಿಂದೆ ಕೂತವಳ ಕೈಯಲ್ಲಿ ಕಡ್ಲೆಪುರಿ ಪೊಟ್ಟಣ. ಫುಟ್‌ಪಾತಿನ ಮೇಲೆ ಪೀಪಿ ಮಾರುತ್ತಿದ್ದ ಅಮ್ಮ ಸಾಮಾನು ಕಟ್ಟುತ್ತಾ ಆಗಾಗ ಕತ್ತೆತ್ತಿ ನೋಡುತ್ತಿದ್ದಳು. ಗದರಲಿಲ್ಲ.

ಪ್ರತಿಮೆಗೆ ಒಂದು ಸುತ್ತು. ಎರಡನೇ ಸುತ್ತು. ಮೂರನೇ ಸುತ್ತಿಗೆ ದೊಡ್ಡವಳು ಒಂದು ಕೈ ಬಿಟ್ಟಳು.

ಅಷ್ಟರಲ್ಲಿ ಪೊಲೀಸರು ಬ್ಯಾರಿಕೇಡ್ ಎಳೆಯತೊಡಗಿದ್ದರು. ಬಸ್ ನಿಲ್ದಾಣದ ಕಡೆಯಿಂದ ಬಸ್ಸೊಂದು ಹಾರನ್ ಹೊಡೆಯಿತು. ಚಿಕ್ಕವಳು ಕ್ಯಾರಿಯರಿನಿಂದ ಧುಮುಕಿದಳು. ದೊಡ್ಡವಳೂ ಇಳಿದು, ಕಟ್ಟೆಯ ಅಂಚಿಗೆ ಬಂದು, ತಳ್ಳಿಕೊಂಡು ಹೊರಟಳು.